ಅಪ್ರಸ್ತುತದ ನಡುವೆ ಅವಧಾನ

ಏಕಾಗ್ರತೆಗೆ ಮೌನ ಬೇಕು, ಮುಚ್ಚಿದ ಬಾಗಿಲು ಬೇಕು ಎಂಬುದು ಸಾಮಾನ್ಯ ನಂಬಿಕೆ. ಸಭೆಯ ಮುಂದೆ ಆಶುವಾಗಿ ಪದ್ಯ ಕಟ್ಟುವ ಅಷ್ಟಾವಧಾನ ಕಲೆ ಇದಕ್ಕೆ ತದ್ವಿರುದ್ಧ. ಅಲ್ಲಿ ಅಡ್ಡಿಪಡಿಸುವುದಕ್ಕೆಂದೇ ಒಬ್ಬರನ್ನು ಕರೆದು ಕೂರಿಸಿರುತ್ತಾರೆ.

ಅವಧಾನಿಯ ಮುಂದೆ ಸವಾಲೊಡ್ಡುವ ಎಂಟು ಮಂದಿ ಪೃಚ್ಛಕರು. ಒಬ್ಬರು ಪದ್ಯವಾಗಿ ಪೂರ್ಣಗೊಳಿಸಬೇಕಾದ ಸಮಸ್ಯೆಯ ಸಾಲನ್ನು ಒಡ್ಡಿದರೆ, ದತ್ತಪದಿಯವರು ನಾಲ್ಕು ಪದ ಕೊಟ್ಟು ಅವು ಬರುವಂತೆ ಪದ್ಯ ಕಟ್ಟಿ ಎನ್ನುತ್ತಾರೆ. ನಿಷೇಧಾಕ್ಷರಿಯದು ಇನ್ನೂ ಬಿಗಿ. ಅವಧಾನಿ ಒಂದಕ್ಷರ ಉಚ್ಚರಿಸಿದೊಡನೆ, ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಪೃಚ್ಛಕರು ಅದನ್ನೇ ನಿಷೇಧಿಸುತ್ತಾರೆ. ಮನಸ್ಸಿನಲ್ಲಿದ್ದ ಪದ ಕೈಬಿಡುತ್ತದೆ, ಆಡಿದ ಅಕ್ಷರವನ್ನು ಮಾತ್ರ ಹಿಂತೆಗೆದುಕೊಳ್ಳುವಂತಿಲ್ಲ. ಛಂದಸ್ಸು ಕೆಡದಂತೆ ಅಲ್ಲಿಂದಲೇ ಬೇರೊಂದು ಪದ ಹೊರಡಬೇಕು. ಅಪ್ರಸ್ತುತಪ್ರಸಂಗಿಯಂತೂ ಸಿನಿಮಾದಿಂದ ಉಪ್ಪಿಟ್ಟಿನವರೆಗೆ ಏನನ್ನಾದರೂ, ಯಾವಾಗಲಾದರೂ ಕೇಳಬಹುದು. ಅದಕ್ಕೂ ಥಟ್ಟನೆ, ಸಭೆ ನಗುವಂಥ ಉತ್ತರ ಬರಬೇಕು. ಸುತ್ತಿಗೊಂದು ಪಾದ, ಕೊನೆಗೆ ಎಲ್ಲ ಪದ್ಯಗಳನ್ನೂ ಒಪ್ಪಿಸುವ ಧಾರಣೆ. ಕಾಗದ, ಪೆನ್ನು ಇಲ್ಲ. ಶತಾವಧಾನಿ ಆರ್. ಗಣೇಶ್ ಸಾವಿರಕ್ಕೂ ಹೆಚ್ಚು ಅಷ್ಟಾವಧಾನಗಳನ್ನು ನಡೆಸಿದ್ದಾರೆ.

ಇದನ್ನು ಹುಟ್ಟುಪ್ರತಿಭೆ ಎಂದು ಬದಿಗಿಡುವುದು ಸುಲಭ. ಪ್ರತಿಭೆ ಇದೆ, ನಿಜ. ಜೊತೆಗೆ ಒಂದು ಕಟ್ಟುಪಾಡೂ ಇದೆ. ಅವಧಾನಿಯ ಗಮನ ಕ್ಷಣಕ್ಷಣಕ್ಕೂ ಬೇರೆಡೆ ಹೋಗುತ್ತದೆ, ಆದರೆ ಬಿಟ್ಟ ಜಾಗಕ್ಕೇ ಮರಳುತ್ತದೆ. ಆ ಜಾಗವನ್ನು ಕಾದಿಡುವುದು ಗಣ, ಪ್ರಾಸಗಳ ಲೆಕ್ಕ. ಪಾದವೊಂದು ಪೂರ್ಣವಾದ ಮೇಲೆ ಮುಂದಿನವರತ್ತ ತಿರುಗುವ ಕ್ರಮವೂ ನೆರವಾಗುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸದ ಯೋಚನೆ ಮುಂದಿನ ಕೆಲಸಕ್ಕೂ ಅಂಟಿಕೊಂಡು ಬಂದು ಅದನ್ನು ಕುಗ್ಗಿಸುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ತೋರಿಸಿದರು. ಅವಧಾನದ ಸಂಪ್ರದಾಯ ಇದಕ್ಕೆ ಮೊದಲೇ ದಾರಿ ಕಂಡುಕೊಂಡಿತ್ತು ಎನ್ನಬೇಕು.

ಹಾಗೆಂದು ಮೊಬೈಲನ್ನು ಅಪ್ರಸ್ತುತಪ್ರಸಂಗಿಯ ಸಾಲಿಗೆ ಸೇರಿಸಲಾಗದು. ಅವರ ಪ್ರಶ್ನೆಗೆ ಉತ್ತರ ಕೊಟ್ಟರೆ ಆ ಪ್ರಸಂಗ ಅಲ್ಲಿಗೆ ಮುಗಿಯಿತು, ಅವಧಾನಿ ಪದ್ಯಕ್ಕೆ ಮರಳುವುದನ್ನು ಅವರೂ ಬಯಸುತ್ತಾರೆ. ರೀಲ್ಸ್‌ಗೆ ಕೊನೆ ಎಂಬುದಿಲ್ಲ. ನೋಡುವವರು ಮರಳದಿದ್ದರೇ ಅದರ ಒಡೆಯರಿಗೆ ಲಾಭ. ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬರ ಬೀಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ವಾದಿಸಿದ್ದರು. ಆ ಗಮನವೇ ಸರಕಾಗಿ ಮಾರಾಟವಾಗುವುದು ಈಗಿನ ವಹಿವಾಟು.

ಆದ್ದರಿಂದ ಅಡ್ಡಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಸಹೋದ್ಯೋಗಿಯ ಪ್ರಶ್ನೆ, ಮಗುವಿನ ಕರೆ, ಬಾಗಿಲಿಗೆ ಬಂದ ಕೊರಿಯರ್ ಇವೆಲ್ಲ ಮುಗಿಯುವಂಥವು. ಏಳುವ ಮುನ್ನ ಕೆಲಸ ಎಲ್ಲಿಗೆ ನಿಂತಿದೆ, ಮುಂದೇನು ಎಂದು ಒಂದು ಸಾಲು ಬರೆದಿಟ್ಟರೆ ಮನಸ್ಸು ಹಗುರವಾಗುತ್ತದೆ. ಲೆರಾಯ್ ಮತ್ತು ತೆರೇಸಾ ಗ್ಲಾಂಬ್ 2018ರಲ್ಲಿ ಪರೀಕ್ಷಿಸಿದ ಉಪಾಯವೂ ಇಂಥದ್ದೇ. ಕೊನೆಯಿಲ್ಲದ ಅಡ್ಡಿಯ ಮುಂದೆ ಈ ಜಾಣ್ಮೆ ನಡೆಯದು. ಅಲ್ಲಿ ನೋಟಿಫಿಕೇಶನ್ ನಿಲ್ಲಿಸುವುದೋ ಫೋನನ್ನು ಇನ್ನೊಂದು ಕೋಣೆಯಲ್ಲಿಡುವುದೋ ಆಗಬೇಕು.