ನೋಯುವ ಮೊಣಕೈಗೆ ಹೊಸ ಸೂಜಿಮದ್ದು



ನಮ್ಮ ಶಿವಾರಪಟ್ಟಣ ಶಿಲ್ಪಿಗಳ ಊರೆಂದು ನಿಮಗೆ ಗೊತ್ತೇ ಇದೆ. ದಿನವಿಡೀ ಉಳಿ-ಸುತ್ತಿಗೆ ಹಿಡಿಯುವ ಕೈಗೆ ಮೊಣಕೈ ನೋವು, ಭುಜದ ನೋವು ತಪ್ಪಿದ್ದಲ್ಲ. ಕೈ ನಿಂತರೆ ಕೂಲಿಯೂ ನಿಂತಿತು. ಹೀಗಿರುವಾಗ, ಹರಿದ ನರ-ಸ್ನಾಯು ಬೇಗ ಕೂಡಿಕೊಳ್ಳುತ್ತೆ, ಊತ ಇಳಿಯುತ್ತೆ ಅಂತ ಯಾರಾದರೂ ಪುಟ್ಟ ಸೀಸೆ ತೋರಿಸಿದರೆ ಆಸೆಯಾಗೋದು ಸಹಜ. ಜಿಮ್ಮಿಗೆ ಹೋಗುವ ಹುಡುಗರ ಬಾಯಲ್ಲಂತೂ ಬಿಪಿಸಿ-157, ಟಿಬಿ-500 ಎಂಬ ಹೆಸರುಗಳು. ಇವನ್ನು ಪೆಪ್ಟೈಡ್ ಅನ್ನುತ್ತಾರೆ.

ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸಣ್ಣ ಸರವೇ ಪೆಪ್ಟೈಡ್. ಸರ ಬಹಳ ಉದ್ದವಾದರೆ ಅದೇ ಪ್ರೋಟೀನು. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ 51 ಮಣಿಗಳ ಪೆಪ್ಟೈಡೇ. 1922ರಿಂದ ಅದು ಎಷ್ಟೋ ಜೀವ ಉಳಿಸಿದೆ. ಹಾಗಾಗಿ ಪೆಪ್ಟೈಡ್ ಅಂದ ತಕ್ಷಣ ಹೆದರಬೇಕಿಲ್ಲ. ಯಾವುದು, ಯಾರು ಪರೀಕ್ಷಿಸಿದ್ದು ಅಂತ ಕೇಳಬೇಕು.

ಬಿಪಿಸಿ-157ರಲ್ಲಿ ಇರೋದು 15 ಮಣಿ. ಜಠರರಸದ ಒಂದು ಪ್ರೋಟೀನಿನ ತುಣುಕು ಎಂದು ಇದನ್ನು ಕ್ರೊಯೇಶಿಯಾ ದೇಶದ ಝಾಗ್ರೆಬ್‌ನ ವಿಜ್ಞಾನಿಗಳು 1990ರ ದಶಕದಿಂದ ಅಭ್ಯಾಸ ಮಾಡುತ್ತಾ ಬಂದರು. ಇಲಿಗಳಲ್ಲಿ ಗಾಯ ಬೇಗ ಮಾಯ್ದದ್ದು, ಉರಿಯೂತ ತಗ್ಗಿದ್ದು ನಿಜ. ಆದರೆ ಮನುಷ್ಯರ ಮೇಲೆ ನಡೆದಿರುವುದು ಕೈಬೆರಳೆಣಿಕೆಯ ಸಣ್ಣ ಪರೀಕ್ಷೆಗಳು ಮಾತ್ರ. ಇಲಿಗೆ ಒಗ್ಗಿದ್ದು ನಮಗೂ ಒಗ್ಗಲೇಬೇಕೆಂದಿಲ್ಲ, ಅಲ್ಲವೇ? ಹೊಸ ರಕ್ತನಾಳ ಬೆಳೆಸುವ ಗುಣ ಇದಕ್ಕಿದೆ ಎನ್ನುತ್ತಾರೆ. ಒಳಗೇ ಗೆಡ್ಡೆಯಿದ್ದರೆ ಅದನ್ನೂ ಪೋಷಿಸೀತೇ ಎಂಬ ಅನುಮಾನ ತಜ್ಞರಿಗೆ ಉಂಟು. 2023ರಲ್ಲಿ ಅಮೆರಿಕದ ಔಷಧ ಇಲಾಖೆ ಇದರ ಸುರಕ್ಷತೆಯ ಬಗ್ಗೆ ಎಚ್ಚರಿಸಿತು. ಕ್ರೀಡಾಪಟುಗಳಿಗೆ 2022ರಿಂದ ಇದು ನಿಷಿದ್ಧ. ಟಿಬಿ-500ಕ್ಕೂ ನಿಷೇಧವಿದೆ. ಮನೆಯಲ್ಲಿ ಕಬಡ್ಡಿ, ಕುಸ್ತಿ ಆಡುವ ಮಕ್ಕಳಿದ್ದರೆ ಇದನ್ನು ಹೇಳಿಡಿ.

ಇಂಥ ಸೀಸೆಗಳ ಮೇಲೆ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ" ಎಂದಿರುವುದೇ ಹೆಚ್ಚು. ಒಳಗಿರುವ ಪುಡಿ ಶುದ್ಧವೋ, ಅಳತೆ ಸರಿಯೋ ಹೇಳುವವರಿಲ್ಲ. ಸೂಜಿಯಲ್ಲಿ ಕೊಳೆಯಿದ್ದರೆ ಕೀವು ಕಟ್ಟಿ ಇದ್ದ ಕೈಗೂ ಕುತ್ತು.

ಹಾಗಾದರೆ ಏನು ಮಾಡೋಣ? ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ಕೊಲಾಜೆನ್ ಎಂಬ ಪ್ರೋಟೀನಿನದು. ಮೂರು ಎಳೆ ಹೆಣೆದ ಅದರ ರಚನೆಯನ್ನು 1954ರಲ್ಲಿ ತಿಳಿಸಿದವರಲ್ಲಿ ಜಿ. ಎನ್. ರಾಮಚಂದ್ರನ್ ಒಬ್ಬರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದವರು. ಈ ಹುರಿಗೆ ರಕ್ತ ಹರಿಯೋದು ಕಡಿಮೆ, ಅದಕ್ಕೇ ಮಾಯಲು ತಿಂಗಳುಗಳೇ ಹಿಡಿಯಬಹುದು. ಭಾರದ ಕೆಲಸ ತಗ್ಗಿಸಿ, ಮೂಳೆ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ಬಿಡದೆ ಮಾಡಿಸಿ. ಗಾಯ ಮಾಯದೇ ಉಳಿದರೆ ರಕ್ತದ ಸಕ್ಕರೆ ಪರೀಕ್ಷೆಯಾಗಲಿ. ಬೆರಳು ಜೋಮು ಹಿಡಿದರೆ, ಜ್ವರ ಬಂದರೆ ತಡಮಾಡಬೇಡಿ.

ಅಡಿಗೆಮನೆಯಲ್ಲಿ ನಮ್ಮ ಪಾಲೂ ಇದೆ. ಮುದ್ದೆಗೆ ಹುರಳಿ ಸಾರು, ಅವರೆಕಾಳು, ಮೊಟ್ಟೆ, ಹಾಲು ಇರಲಿ. ಕೊಲಾಜೆನ್ ಆಗಲು ಸಿ ಜೀವಸತ್ವ ಬೇಕು, ಆದ್ದರಿಂದ ಸೀಬೆಹಣ್ಣು ಕೊಡಿ. ನೆಲ್ಲಿಕಾಯಿಯನ್ನು ಬೇಯಿಸದೆ ಹಸಿಯಾಗಿಯೇ ಚಟ್ನಿ ಅರೆಯಿರಿ. ಇದು ಔಷಧಿಯಲ್ಲ, ದೇಹಕ್ಕೆ ಒತ್ತಾಸೆ.

ಒಂದು ವೇಳೆ ಮಗ ಆಗಲೇ ಚುಚ್ಚಿಕೊಂಡಿದ್ದರೆ ಬೈದು ಬಾಯಿ ಮುಚ್ಚಿಸಬೇಡಿ. ಸೀಸೆಯ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.