ಚಪ್ಪರ ಬಿಚ್ಚೋ ದಿನದ ಲೆಕ್ಕ

ನ್ಯೂಜೆರ್ಸಿಯೊಳಗ ನಮ್ಮ ಪಕ್ಕದ ಮನಿಯವರು ಯಹೂದ್ಯರು. ಅವರ ಸುಕ್ಕೋತ್ ಹಬ್ಬದ ಚಪ್ಪರಕ್ಕ ಪ್ರತಿ ವರ್ಷ ನಂದೂ ಒಂದು ಕೈ ಇರ್ತದ. ಅದು ಏಳು ದಿನದ ಸುಗ್ಗಿ ಹಬ್ಬ, ಹುಣ್ಣಿಮಿಗೆ ಸುರು. 2025ರಾಗ ನಮ್ಮ ಸೀಗಿ ಹುಣ್ಣಿಮಿ ದಿನಾನ ಸಂಜಿಗೆ ಬಂದಿತ್ತು. ನಾವು ಹೊಲಕ್ಕ ಬುತ್ತಿ ಕಟಗೊಂಡು ಹೋಗಿ ಉಂಡಂಗ, ಅವರು ಹಿತ್ತಲದಾಗ ಚಪ್ಪರ ಹಾಕಿ ಅದರಾಗ ಕೂತು ಉಣ್ತಾರ. ಈಜಿಪ್ಟ್ ಬಿಟ್ಟು ಹೊಂಟ ಹಿರಿಯರು ಅಡವ್ಯಾಗ ಗುಡಿಸಲದಾಗ ಇದ್ದದ್ದರ ನೆನಪು ಅದು.

ಚಪ್ಪರದ ಮಾಡಿಗೆ ಕಟ್ಟುನಿಟ್ಟು ಭಾಳ. ನೆಲದಾಗ ಬೆಳದು, ಕಡದು ತಂದ ಟೊಂಗಿ, ಬಿದಿರು, ಗರಿಗಳನ್ನ ಹೊದಸಬೇಕು. ಬಿಸಲಕಿಂತ ನೆರಳು ಹೆಚ್ಚಿರಬೇಕು, ಆದರ ರಾತ್ರಿ ಸಂದ್ಯಾಗ ಚುಕ್ಕಿ ಕಂಡರ ಛಲೋ ಅಂತಾರ. ಇಂಥಾ ಮಾಡಿನ ಕೆಳಗ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲ ತೂಗಬಿಟ್ಟಾಗ ನನಗ ನಗು ಬಂತು. "ಇದರ ಬದಲಿ ಏನರ ಪರಿಸರಕ್ಕ ಹೊಂದೋದು ಮಾಡೋಣಲ್ಲ?" ಅಂದೆ. ಆಕಿ ಹೇಳಿದಳು, "ಹನ್ನೆರಡು ವರ್ಷದಿಂದ ಇವೇ ದ್ರಾಕ್ಷಿ. ನೀ ಹೇಳೋ ಹೊಸಾ ಸಾಮಾನು ಎಷ್ಟು ಡಬ್ಬಿಯೊಳಗ ಬರ್ತದ?"

ನಾ ಸುಮ್ಮನಾದೆ. ಆಕಿ ಮಾತು ಖರೇನ ಅದ. ಇದ್ದ ದ್ರಾಕ್ಷಿ ಕಸದಬುಟ್ಟಿಗೆ ಹಾಕಿ, ಪ್ಲಾಸ್ಟಿಕ್ ಚೀಲದಾಗ ಬಂದ "ಪರಿಸರಸ್ನೇಹಿ" ಅಲಂಕಾರದ ಕಿಟ್ ಕೊಂಡರ ಲಾಭ ಅಂಗಡಿಯವರಿಗೆ ಅಷ್ಟ.

ಅದಕ್ಕ ನನ್ನ ಅಭಿಪ್ರಾಯ ಇಷ್ಟ: ಕಟ್ಟೋ ದಿನ ಚಂದ ಕಾಣೋದನ್ನ ನೋಡಬ್ಯಾಡ್ರಿ, ಬಿಚ್ಚೋ ದಿನ ಅದು ಎಲ್ಲಿಗೆ ಹೋಗ್ತದ ಅನ್ನೋದನ್ನ ಕೇಳ್ರಿ. ಹಳೇದು ಇದ್ದರ ಹರಿಯೋತನಕ ಬಳಸ್ರಿ. ಹೊಸಾದು ಬೇಕಂದ್ರ ಮಣ್ಣಿಗೆ ಹೋಗೋದನ್ನ ಮಾಡ್ರಿ. ನಾವು ಕಿತ್ತಳಿ ಹಣ್ಣು ಬಿಲ್ಲಿ ಬಿಲ್ಲಿ ಹೆಚ್ಚಿ, ಓವನ್‌ದಾಗ ಸಣ್ಣ ಉರಿಗೆ ಮೂರು ತಾಸು ಒಣಗಿಸಿ, ದಾಲ್ಚಿನ್ನಿ ಚಕ್ಕಿ ಸೇರಿಸಿ ಹತ್ತಿ ದಾರಕ್ಕ ಪೋಣಿಸಿದಿವಿ. ಹಳೇ ಮಾಸಿಕದ ಹಾಳಿ ಕತ್ತರಿಸಿ ಹುಡುಗರು ಮಾಡಿದ ಸರಪಳಿ ಮೊದಲನೇ ಮಳಿಗೇ ಮುದ್ದಿ ಆತು. ಮೆಕ್ಕಿತೆನಿ ಅಳಿಲು ತಿಂದು ಹೋದವು. ಹೋಗಲಿ ಬಿಡ್ರಿ.

ಈ ಲೆಕ್ಕ ಅವರ ಸಂಪ್ರದಾಯದಾಗ ಮೊದಲ ಅದ. ಹಬ್ಬದಾಗ ಕೈಯಾಗ ಹಿಡಿಯೋ ಎತ್ರೋಗ್ ಅಂದ್ರ ನಮ್ಮ ಮಾದಲ ಹಣ್ಣಿನ ಜಾತಿದು. ಹಬ್ಬ ಮುಗದ ಮ್ಯಾಲ ಕೆಲವರು ಅದಕ್ಕ ಲವಂಗ ಚುಚ್ಚಿ ಒಣಗಿಸಿ, ಶನಿವಾರ ಸಂಜಿ ಪ್ರಾರ್ಥನಾದಾಗ ವಾಸನಿ ನೋಡಲಿಕ್ಕೆ ಇಟಗೋತಾರ. ಇನ್ನ ಕೆಲವರು ಮುರಬ್ಬಾ ಮಾಡ್ತಾರ. ಖರ್ಜೂರದ ಗರಿ ಎತ್ತಿಟ್ಟು, ವಸಂತದ ಪೆಸಾಹ್ ಹಬ್ಬದ ಮುಂದ ಮನಿಯೊಳಗ ಉಳದ ಬ್ರೆಡ್ಡಿನ ಚೂರು ಸುಡೋ ಬೆಂಕಿಗೆ ಹಾಕೋ ಪದ್ಧತಿನೂ ಅದ.

ಆಕಿಗೆ ಬುದ್ಧಿ ಹೇಳಲಿಕ್ಕೆ ಹೋದಾಕಿ ನಾ. ಮನಿಗೆ ಬಂದು ಅಟ್ಟದಾಗ ನೋಡಿದರ ಹೋದ ವರ್ಷದ ಗಣಪತಿ ಮಂಟಪದ ಥರ್ಮೊಕೋಲ್ ಮುರದು ಬಿದ್ದಿತ್ತು. ನಿಮ್ಮ ಅಟ್ಟದಾಗ ಏನದ, ಒಂದ್ಸಲ ಹತ್ತಿ ನೋಡ್ರೆವಾ.