ಮರದ ವಿಮಾನಕ್ಕೆ ಮರದ ಬಾಂಬ್: ಯುದ್ಧಕಾಲದ ಈ ಕತೆ ನಿಜವೇ?

ಯುದ್ಧವಿಮಾನಗಳ ಇತಿಹಾಸ ಓದುವ ಹವ್ಯಾಸ ಇದ್ದವರು ಈ ಕತೆಯನ್ನು ಕೇಳಿಯೇ ಇರುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಬಹಳ ಕಷ್ಟಪಟ್ಟು ಒಂದು ನಕಲಿ ವಿಮಾನನಿಲ್ದಾಣ ಕಟ್ಟಿದರಂತೆ. ಅಲ್ಲಿದ್ದ ವಿಮಾನಗಳೆಲ್ಲ ಮರದವು. ಕೆಲಸ ಮುಗಿಯುತ್ತಿದ್ದಂತೆ ಬ್ರಿಟನ್ನಿನ ಒಂದೇ ವಿಮಾನ ಬಂದು, ಒಂದೇ ಬಾಂಬ್ ಹಾಕಿ ಹೋಯಿತಂತೆ. ಆ ಬಾಂಬೂ ಮರದ್ದೇ!

ಇದರಲ್ಲಿ ಎಷ್ಟು ನಿಜ? ನಕಲಿ ನಿಲ್ದಾಣಗಳು ಇದ್ದದ್ದು ಖಂಡಿತ ನಿಜ. ಬ್ರಿಟನ್ನಿನಲ್ಲಿ ಕರ್ನಲ್ ಜಾನ್ ಟರ್ನರ್ ಎಂಬ ಅಧಿಕಾರಿಯ ಕೈಕೆಳಗೆ ಇದಕ್ಕೆಂದೇ ಒಂದು ವಿಭಾಗವಿತ್ತು. ಹಗಲಿನ ದಾಳಿಗೆ ಡಮ್ಮಿ ವಿಮಾನಗಳು, ರಾತ್ರಿಯ ದಾಳಿಗೆ ದೀಪಗಳ ಸಾಲು. ಡಮ್ಮಿಗಳನ್ನು ಮಾಡಿಕೊಟ್ಟವರಲ್ಲಿ ಸಿನಿಮಾ ಸ್ಟುಡಿಯೋದ ಸೆಟ್ ಕೆಲಸಗಾರರೂ ಇದ್ದರು.

ಕತೆ ಕೂಡ ಯುದ್ಧದ ಕಾಲದ್ದೇ. ಅಮೆರಿಕದ ಪತ್ರಕರ್ತ ವಿಲಿಯಂ ಶೈರರ್ 1941ರಲ್ಲಿ ಪ್ರಕಟಿಸಿದ ‘ಬರ್ಲಿನ್ ಡೈರಿ’ಯಲ್ಲಿ ಇದು ಬರುತ್ತದೆ, ಅದೂ ಬೇರೆಯವರು ಹೇಳಿದ ಮಾತಾಗಿ. ಇನ್ನು ಕೆಲವರ ಬಾಯಲ್ಲಿ ಪಾತ್ರಗಳು ಅದಲುಬದಲಾಗಿ, ಮರದ ಬಾಂಬ್ ಹಾಕಿದವರು ಜರ್ಮನ್ನರೇ ಆಗಿಬಿಡುತ್ತಾರೆ. ಊರು, ದಿನ, ಪೈಲಟ್ ಬದಲಾಗುತ್ತಾ ಹೋಗಿ ಕೊನೆಯ ನಗು ಮಾತ್ರ ಹಾಗೇ ಉಳಿದರೆ, ಅದು ದಂತಕತೆಯ ಲಕ್ಷಣ.

ಯುದ್ಧದ ಲೆಕ್ಕಾಚಾರವೂ ಕತೆಗೆ ವಿರುದ್ಧವಾಗಿದೆ. ಶತ್ರುವಿನ ನಿಲ್ದಾಣ ನಕಲಿ ಎಂದು ಗೊತ್ತಾದರೆ ಸುಮ್ಮನಿರುವುದೇ ಜಾಣತನ. ಆಗ ಅವರು ಅಲ್ಲಿಗೇ ಜನ, ದುಡ್ಡು, ಮರ ಸುರಿಯುತ್ತಿರುತ್ತಾರೆ. ಮರದ ಬಾಂಬ್ ಹಾಕಿದರೆ ‘ನಿಮ್ಮ ಗುಟ್ಟು ನಮಗೆ ಗೊತ್ತು’ ಎಂದು ನಾವೇ ಹೇಳಿದಂತೆ. ಮೇಲಾಗಿ ಒಂದು ನಗೆಚಾಟಿಕೆಗಾಗಿ ವಿಮಾನವನ್ನೂ ಪೈಲಟ್‌ನ ಜೀವವನ್ನೂ ಪಣಕ್ಕಿಡಬೇಕು. ಯಾರೋ ಒಬ್ಬ ಪೈಲಟ್ ತನ್ನಷ್ಟಕ್ಕೆ ತಮಾಷೆ ಮಾಡಿರಬಾರದೆಂದೇನಿಲ್ಲ. ಆದರೆ ಮೇಲಿನವರ ಆದೇಶದಂತೆ ನಡೆಯಿತು ಎಂಬುದು ನಂಬುವಂಥದ್ದಲ್ಲ.

ಹಾಗಾದರೆ ಇಂಥ ಕತೆ ಹುಟ್ಟುವುದೇಕೆ? ಪ್ರತಿದಿನ ಸಾವನ್ನು ನೋಡುವವರಿಗೆ ನಗು ಬೇಕು. ಬ್ರಿಟನ್ನಿನ ವಾಯುಪಡೆಯವರು ವಿಮಾನದಲ್ಲಿ ಏನಾದರೂ ಕೆಟ್ಟರೆ ‘ಗ್ರೆಮ್ಲಿನ್’ ಎಂಬ ಕುಳ್ಳ ಕುಚೇಷ್ಟೆಗಾರರ ಮೇಲೆ ಹಾಕುತ್ತಿದ್ದರು. ಅದೇ ಪಡೆಯಲ್ಲಿ ಪೈಲಟ್ ಆಗಿದ್ದ ರೋಲ್ಡ್ ಡಾಲ್ 1943ರಲ್ಲಿ ಅವುಗಳ ಮೇಲೆ ಮಕ್ಕಳ ಪುಸ್ತಕವನ್ನೇ ಬರೆದರು. ಗ್ರೆಮ್ಲಿನ್ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಅದು ತಮಾಷೆಯಾಗಿಯೇ ಉಳಿಯಿತು.

ಇನ್ನೊಂದು ಕತೆ ಹಾಗೆ ಉಳಿಯಲಿಲ್ಲ. ಜಾನ್ ಕನ್ನಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ಪೈಲಟ್ ರಾತ್ರಿಯಲ್ಲಿ ಶತ್ರುವಿಮಾನಗಳನ್ನು ಹೊಡೆದುರುಳಿಸುತ್ತಿದ್ದುದು ವಿಮಾನದೊಳಗಿನ ರಾಡಾರ್ ಸಹಾಯದಿಂದ. ಆ ಗುಟ್ಟನ್ನು ಮುಚ್ಚಿಡಬೇಕಿತ್ತು. ಪತ್ರಿಕೆಗಳು ಅವರನ್ನು ‘ಬೆಕ್ಕಿನ ಕಣ್ಣಿನವ’ ಎಂದು ಕರೆದವು, ಪೈಲಟ್‌ಗಳು ಕ್ಯಾರೆಟ್ ತಿನ್ನುವುದರಿಂದ ಕತ್ತಲಲ್ಲಿ ಕಣ್ಣು ಕಾಣುತ್ತದೆ ಎಂಬ ಮಾತು ಹಬ್ಬಿತು. ಜರ್ಮನ್ನರು ಇದನ್ನು ನಂಬಿದರು ಎನ್ನಲು ಗಟ್ಟಿ ಪುರಾವೆ ಇಲ್ಲ. ನಂಬಿದವರು ನಾವು!

ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್ ದೇಹದಲ್ಲಿ ವಿಟಮಿನ್ ‘ಎ’ ಆಗುವುದು ನಿಜ. ಆ ವಿಟಮಿನ್ ಕೊರತೆಯಾದರೆ ಇರುಳುಗುರುಡು ಬರುತ್ತದೆ, ಕೊರತೆ ನೀಗಿದರೆ ಸಾಮಾನ್ಯವಾಗಿ ದೃಷ್ಟಿ ಸುಧಾರಿಸುತ್ತದೆ. ಆದರೆ ಕೊರತೆಯೇ ಇಲ್ಲದವರು ಎಷ್ಟು ಕ್ಯಾರೆಟ್ ತಿಂದರೂ ಕಣ್ಣು ಇನ್ನಷ್ಟು ಚುರುಕಾಗುವುದಿಲ್ಲ, ಕನ್ನಡಕದ ನಂಬರ್ ಇಳಿಯುವುದಿಲ್ಲ. ಮಗುವಿಗೆ ಬೋರ್ಡ್ ಸರಿಯಾಗಿ ಕಾಣದಿದ್ದರೆ ಅಥವಾ ಸಂಜೆಯಾದ ಮೇಲೆ ತಡವರಿಸುತ್ತಿದ್ದರೆ ಕ್ಯಾರೆಟ್ ಜ್ಯೂಸ್ ಕೊಟ್ಟು ಕಾಯಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ.

ಮರದ ಬಾಂಬ್ ಕತೆ ಹೇಳಿ ನಕ್ಕರೆ ಯಾರಿಗೂ ನಷ್ಟವಿಲ್ಲ. ಕ್ಯಾರೆಟ್ ಕತೆಯನ್ನು ನಂಬಿ ಕುಳಿತರೆ ನಷ್ಟ ಕಣ್ಣಿಗೆ.